ಅಗುಳಿಯ ಮೇಲಿನ ಕೈ

ಕಳೆದ ವಾರ ನನ್ನ ತಂಗಿಯ ಮಗಳು ಅನು ಬಂದು, ಹಳೆಯ ಕರ್ಟನ್ ಬಟ್ಟೆ ಇದ್ದರೆ ಕೊಡಿ ಎಂದಳು. ಅವಳು ಬಸವನಗುಡಿಯ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಾಳೆ. ಕ್ಲಾಸಿನಲ್ಲಿ ಗೋಡೆಯಗಲದ ಸ್ಮಾರ್ಟ್ ಬೋರ್ಡ್ ಹಾಕಿಸಿದ್ದಾರಂತೆ. ಅದರಲ್ಲಿ ಐತಿಹಾಸಿಕ ಸಿನಿಮಾ ತೋರಿಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡಬೇಕಂತೆ. ಆದರೆ ಕಿಟಕಿಯ ಬಿಸಿಲು ನೇರವಾಗಿ ಬೋರ್ಡಿನ ಮೇಲೆ ಬಿದ್ದು ರಾಜ ಯಾರು, ಮಂತ್ರಿ ಯಾರು ಎಂದೇ ಗೊತ್ತಾಗುವುದಿಲ್ಲವಂತೆ. ಅಷ್ಟು ದೊಡ್ಡ ಬೋರ್ಡು ತರಿಸಿದವರಿಗೆ ಒಂದು ಪರದೆ ತರಿಸುವುದು ಯಾಕೆ ಹೊಳೆಯಲಿಲ್ಲವೋ, ಕೇಳಬಾರದು. ನಾನೂ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿಕೊಂಡು ನಿವೃತ್ತಳಾದವಳು, ಇಂಥದ್ದೆಲ್ಲ ನನಗೆ ಅರ್ಥವಾಗುತ್ತದೆ.

ಮಂಚದ ಕೆಳಗಿನ ಟ್ರಂಕು ಎಳೆದೆ. ಕರ್ಟನ್ನಿಗಿಂತ ಮೊದಲು ಕೈಗೆ ಬಂದದ್ದು ಕಂಬಳಿ. ನಮ್ಮಪ್ಪ ನಗರ್ತಪೇಟೆಯಿಂದ ಹೆಗಲ ಮೇಲೆ ಹಾಕಿಕೊಂಡು ಬಂದ ಕರಿ ಕಂಬಳಿ. ಬಿಡಿಸಿದರೆ ಮೊದಲು ನುಸಿಗುಳಿಗೆಯ ವಾಸನೆ, ಅದರ ಕೆಳಗೆ ನಮ್ಮಜ್ಜಿಯ ನಶ್ಯದ ವಾಸನೆ. ಇಷ್ಟು ವರ್ಷ ನಶ್ಯ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ಕಂಬಳಿಯಲ್ಲಿ ಉಳಿದಿದೆಯೋ ನನ್ನ ಮೂಗಿನಲ್ಲಿ ಉಳಿದಿದೆಯೋ ನಾನರಿಯೆ, ವಾಸನೆಯಂತೂ ಬಂತು. ಅನು ಕಂಬಳಿಯ ಮೂಲೆ ಹಿಡಿದು ಬೆಳಕಿಗೆ ಒಡ್ಡಿದಳು.

"ದೊಡ್ಡಮ್ಮ, ಇಲಿ ಕಡಿದುಬಿಟ್ಟಿದೆ ನೋಡಿ. ಎರಡು ಮೂಲೇಲೂ ತೂತು."

"ಇಲಿ ಅಲ್ಲ ಕಣೆ, ಹಿಸ್ಟರಿ," ಎಂದೆ.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಚಾಮರಾಜಪೇಟೆಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸಕ್ಕೆ ವಿಶಾಲಾಕ್ಷಿ ಮಿಸ್ ಬರುತ್ತಿದ್ದರು. ಎತ್ತರದ, ತೆಳ್ಳನೆಯ ಹೆಂಗಸು. ಮಳೆಯಿರಲಿ ಬಿಸಿಲಿರಲಿ ಗವಿಪುರದಿಂದ ಕೊಡೆ ಹಿಡಿದು ನಡೆದೇ ಬರುತ್ತಿದ್ದರು. ಇತಿಹಾಸಕ್ಕೆ ಟೈಮ್‌ಟೇಬಲಿನಲ್ಲಿ ಸಿಕ್ಕಿದ್ದು ಮಧ್ಯಾಹ್ನ ಊಟವಾದ ಮೇಲಿನ ಪೀರಿಯಡ್ಡು. ಹುಳಿಯನ್ನ, ಮೊಸರನ್ನ ಹೊಟ್ಟೆಗಿಳಿದ ಮೇಲೆ ಯಾವ ಸಾಮ್ರಾಜ್ಯ ಬಿದ್ದರೆ ಯಾರಿಗೇನು? ಹಿಂದಿನ ಬೆಂಚಿನವರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದರು. ನಾನು ಮುಂದಿನ ಬೆಂಚಿನಲ್ಲಿ ಕೂತು ಆ ವಿದ್ಯೆ ಕಲಿತಿದ್ದೆ, ಅದು ಇನ್ನೂ ಕಷ್ಟ.

ಮಿಸ್ ಒಂದಷ್ಟು ದಿನ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಆಟೋ ನಿಂತಿತು. ಒಳಗೆ ಮಿಸ್, ಅವರ ಪಕ್ಕದಲ್ಲಿ ಮದುವಣಗಿತ್ತಿಯ ಹಾಗೆ ಹಳೇ ಸೀರೆ ಹೊದ್ದು ಕೂತ ಒಂದು ಟೀವಿ, ಮಿಸ್ ತೊಡೆಯ ಮೇಲೆ ವಿಸಿಆರ್. ಬೀದಿಯ ಕೊನೆಯ ವಿಡಿಯೋ ಅಂಗಡಿಯಿಂದ ಬಾಡಿಗೆಗೆ ತಂದಿದ್ದರು. ಸಿನಿಮಾ ಎಂದರೆ ಮಕ್ಕಳು ಕೆಡುತ್ತಾರೆ ಎಂದು ನಂಬಿದ್ದ ಕಾಲ ಅದು. ಇತಿಹಾಸದ ಕ್ಲಾಸಿನಲ್ಲಿ ಸಿನಿಮಾ! ನಮಗೆ ಸ್ವರ್ಗವೇ ಕೈಗೆ ಸಿಕ್ಕಿದಂತಾಯಿತು. ಆದರೆ ಹಾಳು ಬಿಸಿಲು ಆಗಲೂ ಇತ್ತು. ಆ ಕಲ್ಲುಕಟ್ಟಡದ ಕಿಟಕಿಗಳು ಆಳೆತ್ತರದವು, ಪರದೆ ಎಂಬ ಪದಾರ್ಥವನ್ನೇ ಕಂಡವಲ್ಲ. ಟೀವಿಯ ಗಾಜಿನಲ್ಲಿ ರಾಜನ ಬದಲು ನಮ್ಮದೇ ಎರಡು ಜಡೆಗಳು ಕಾಣಿಸಿದವು.

ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ಸಿನಿಮಾ ಇರುವ ಹಿಂದಿನ ದಿನ ಮಿಸ್ ಕ್ಲಾಸು ಮುಗಿಸಿ ಹೊರಡುವಾಗ ಬಾಗಿಲ ಹತ್ತಿರ ನಿಂತು "ನಾಳೆ ಕಂಬಳಿ" ಎನ್ನುತ್ತಿದ್ದರು. ಅಷ್ಟೇ ಮಾತು. ಇಡೀ ಕ್ಲಾಸು ಹೋ ಎನ್ನುತ್ತಿತ್ತು. ಮಾರನೆಯ ದಿನ ಮನೆಮನೆಯಿಂದ ಕಂಬಳಿಗಳು ಬರುತ್ತಿದ್ದವು. ಕಂಬಳಿಯೇ ಯಾಕೆ ಎಂದರೆ, ಅದಕ್ಕೆ ಮೈಲಿಗೆಯಿಲ್ಲ ಎಂಬುದು ನಮ್ಮಜ್ಜಿಯಂಥವರ ಶಾಸ್ತ್ರ. ಜಮಖಾನೆ ಕೇಳಿದ್ದರೆ ಊರೆಲ್ಲ ಮುಟ್ಟಿದ್ದು ಬೇಡವೆಂದು ಯಾವ ಅಜ್ಜಿಯೂ ಕೊಡುತ್ತಿರಲಿಲ್ಲ. ಮಿಸ್‌ಗೆ ಮನೆಗಳ ಒಳಗಿನ ಶಾಸ್ತ್ರವೂ ಗೊತ್ತಿತ್ತು.

ಮೇಜಿನ ಮೇಲಿದ್ದ ಪೇಪರ್‌ವೇಟನ್ನೇ ಸುತ್ತಿಗೆ ಮಾಡಿಕೊಂಡು, ಕಿಟಕಿಯ ಮರಕ್ಕೆ ಮೊಳೆ ಹೊಡೆದು ಕಂಬಳಿ ತೂಗುಹಾಕುತ್ತಿದ್ದೆವು. ಕೋಣೆ ಕತ್ತಲಾದ ಕೂಡಲೇ ವಾಸನೆಗಳು ಎದ್ದು ನಿಲ್ಲುತ್ತಿದ್ದವು. ಒಂದರಲ್ಲಿ ಧೂಪ, ಒಂದರಲ್ಲಿ ಕೂಸಿನ ಉಚ್ಚೆ, ಒಂದರಲ್ಲಿ ಕೊಬ್ಬರಿ ಎಣ್ಣೆ. ಗೆಳತಿಯರ ಮನೆಗಳ ಒಳಕೋಣೆಗಳೆಲ್ಲ ಒಟ್ಟಿಗೆ ಬಂದು ಕೂತ ಹಾಗಾಗುತ್ತಿತ್ತು. ನನ್ನ ಕಂಬಳಿ ಕಟ್ಟಿದ ಕಿಟಕಿಯ ಪಕ್ಕದವರು ಮಾತ್ರ ಸಿನಿಮಾ ಮುಗಿಯುವ ತನಕ ಸೀನುತ್ತಿದ್ದರು. ಸಂಜೆ ಮನೆಗೆ ಹೋದರೆ ಅಮ್ಮ ಮೂಲೆಯ ತೂತು ನೋಡಿ, "ಇದೇನೇ, ಕಂಬಳಿಗೆ ಕಿವಿ ಚುಚ್ಚಿಸ್ಕೊಂಡು ಬಂದಿದೀಯ?" ಎನ್ನುತ್ತಿದ್ದಳು.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಮಿಸ್ ಸಿನಿಮಾ ಹಾಕಿ ಸುಮ್ಮನೆ ಕೂರುವವರಲ್ಲ. ಮೊದಲ ದಿನವೇ ನಿಯಮ ಹೇಳಿದರು. "ಸಿನಿಮಾ ಸುಳ್ಳು ಹೇಳುತ್ತೆ. ಎಲ್ಲಿ ಹೇಳ್ತು ಅಂತ ಹಿಡಿದೋರು ಚಪ್ಪಾಳೆ ತಟ್ಟಿ. ತಟ್ಟಿದ ಕೂಡ್ಲೆ ನಿಲ್ಲಿಸ್ತೀನಿ. ಎದ್ದು ನಿಂತು ಯಾಕೆ ಸುಳ್ಳು ಅಂತ ಹೇಳ್ಬೇಕು."

ಸುಳ್ಳು ಹಿಡಿಯುವುದೆಂದರೆ ಆ ವಯಸ್ಸಿನಲ್ಲಿ ಕಡಲೆಮಿಠಾಯಿಗಿಂತ ರುಚಿ. ಅರಮನೆಯ ಅಡುಗೆಮನೆಯಲ್ಲಿ ಆ ಕಾಲಕ್ಕಿನ್ನೂ ನಮ್ಮಲ್ಲಿಗೆ ಬಾರದ ಟೊಮೆಟೊ ಕಂಡಿತು, ಚಪ್ಪಾಳೆ. ಸೈನಿಕನ ಮಣಿಕಟ್ಟಿನಲ್ಲಿ ವಾಚು ಕಟ್ಟಿದ ಬಿಳಿಯ ಗುರುತು, ಚಪ್ಪಾಳೆ. ಎಲ್ಲದಕ್ಕೂ ಕಿರೀಟವಿಟ್ಟ ಹಾಗೆ ನನ್ನ ಗೆಳತಿ ಗಿರಿಜ ಒಂದು ದಿನ ಟೀವಿಯ ಹತ್ತಿರವೇ ಹೋಗಿ ಕೂತು ಚಪ್ಪಾಳೆ ಹೊಡೆದು ಕಿರುಚಿದಳು: "ಮಿಸ್, ರಾಜಂಗೆ ದೇವಿ ಹಾಕ್ಸಿದಾರೆ!"

ನಿಜ. ಬರಿಮೈಯಲ್ಲಿ ಕೂತ ಮಹಾರಾಜರ ರಟ್ಟೆಯ ಮೇಲೆ ಸಿಡುಬಿನ ಚುಚ್ಚುಮದ್ದಿನ ದುಂಡು ಕಲೆ, ನಮ್ಮೆಲ್ಲರ ರಟ್ಟೆಯ ಮೇಲಿದ್ದದ್ದೇ. ಮಿಸ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆದರೆ ನಗುವಿನಲ್ಲೇ ಬಿಡಲಿಲ್ಲ. ಆ ಕಲೆ ಇಲ್ಲದ ಕಾಲದಲ್ಲಿ ಸಿಡುಬು ಬಂದರೆ ಅರಮನೆಯಲ್ಲಿ ಏನಾಗುತ್ತಿತ್ತು, ಕೇರಿಯಲ್ಲಿ ಏನಾಗುತ್ತಿತ್ತು, ಎಷ್ಟು ಅಮ್ಮಂದಿರು ಎಷ್ಟು ಮಕ್ಕಳನ್ನು ಕಳೆದುಕೊಂಡರು ಎಂದು ಅದೇ ಕತ್ತಲೆಯಲ್ಲಿ ಹೇಳುತ್ತ ಹೋದರು. ನಮ್ಮ ನಮ್ಮ ರಟ್ಟೆ ಸವರಿಕೊಳ್ಳುತ್ತ ಕೇಳಿದೆವು. ಪುಸ್ತಕದಲ್ಲಿ ಇಲ್ಲದ ಆ ಪಾಠ ನನಗೆ ಈಗಲೂ ನೆನಪಿದೆ, ಪುಸ್ತಕದಲ್ಲಿದ್ದದ್ದು ಒಂದೂ ನೆನಪಿಲ್ಲ.

ಒಮ್ಮೆ ಯಾರೋ ಕೇಳಿದರು, ಸುಳ್ಳು ಹೇಳುತ್ತೆ ಅಂದ ಮೇಲೆ ಸಿನಿಮಾ ಯಾಕೆ ಮಿಸ್, ಪುಸ್ತಕವೇ ಸಾಲದೇ ಎಂದು. ಮಿಸ್ ಹೇಳಿದರು: "ನಿಮ್ ಪುಸ್ತಕ ಬಾಯೇ ಬಿಡಲ್ವಲ್ಲೇ. ಸುಳ್ಳು ಹೇಳೋರ ಹತ್ರ ಜಗಳಾನಾದ್ರೂ ಆಡ್ಬಹುದು. ಬಾಯಿ ಬಿಡದೇ ಇರೋರ ಹತ್ರ ಏನ್ ಮಾಡೋದು?"

ಇನ್ನು ಆ ಒಂದು ಸಿನಿಮಾ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈ ಪ್ರಬಂಧವನ್ನು ಇಲ್ಲೇ ಬಿಟ್ಟು ಮೊಬೈಲಿನಲ್ಲಿ ಹುಡುಕುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಸಣ್ಣದೊಂದು ಪಾಳೆಯಪಟ್ಟಿನ ರಾಣಿಯ ಕತೆ. ಗಂಡ ಸತ್ತಿದ್ದಾನೆ. ಶತ್ರುಸೈನ್ಯ ಕೋಟೆಯನ್ನು ಮುತ್ತಿದೆ. ಒಳಗಿನ ಕೊಳ ಬತ್ತಿ ಮಕ್ಕಳು ನೀರಿಗೆ ಅಳುತ್ತಿವೆ. ಬಾಗಿಲು ತೆರೆದರೆ ನೀರು ಕೊಡುತ್ತೇವೆ, ಯಾರನ್ನೂ ಮುಟ್ಟುವುದಿಲ್ಲ ಎಂದು ಹೊರಗಿನವರು ಹೇಳಿ ಕಳಿಸಿದ್ದಾರೆ. ಅವರ ಮಾತು ನಂಬುವುದು ಹೇಗೆ? ರಾಣಿ ಒಬ್ಬಳೇ ಬಾಗಿಲ ಬಳಿ ಬರುತ್ತಾಳೆ. ಅಗುಳಿಯ ಮೇಲೆ ಕೈ ಇಡುತ್ತಾಳೆ.

ಅಲ್ಲಿ ಮಿಸ್ ಟೇಪು ನಿಲ್ಲಿಸಿದರು. ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ವಿಸಿಆರಿನಲ್ಲಿ ಚಿತ್ರ ನಿಲ್ಲಿಸಿದರೆ ಅದು ಗೆರೆಗೆರೆಯಾಗಿ ನಡುಗುತ್ತಿತ್ತು, ನೆನಪಿದೆಯಲ್ಲ? ನಾವು ರಾಣಿಯ ಕೈಯೇ ನಡುಗುತ್ತಿದೆ ಎಂದುಕೊಂಡೆವು.

"ಈಗ ರಾಣಿಗೆ ಎಷ್ಟು ಗೊತ್ತೋ ನಿಮಗೂ ಅಷ್ಟೇ ಗೊತ್ತು," ಎಂದರು ಮಿಸ್. "ಮುಂದೇನಾಗುತ್ತೆ ಅಂತ ಅವಳಿಗೂ ಗೊತ್ತಿಲ್ಲ. ಹೇಳಿ, ತೆಗೀತೀರೋ ಇಲ್ವೋ?"

ಅಬ್ಬಬ್ಬಾ, ಆ ಗಲಾಟೆ! ತೆಗೆಯಬಾರದು, ಮಾನ ಮುಖ್ಯ ಎಂದಳು ಗಿರಿಜ. ಬೆಳಗಿನ ಜಾವ ಬೀದಿ ನಲ್ಲಿಯಲ್ಲಿ ಕೊಡ ಹಿಡಿದು ನಿಂತು ಬರುತ್ತಿದ್ದ ನಾನು, ನೀರಿಲ್ಲದ ಮನೆಯಲ್ಲಿ ಮಾನ ಎಲ್ಲಿಂದ ಬರುತ್ತೆ ಎಂದೆ. ಅಲ್ಲಿಯವರೆಗೆ ಬಾಯಿ ಬಿಡದ ಶಮೀಮ್ ಎದ್ದು ನಿಂತು, "ಹೊರಗಿರೋ ಸೈನಿಕ್ರಿಗೆ ನೀರು ಎಲ್ಲಿಂದ ಬರ್ತಿತ್ತು ಮಿಸ್? ಅವ್ರೂ ಯಾರ್ದೋ ಕೆರೆ ಖಾಲಿ ಮಾಡಿರ್ಬೇಕಲ್ಲ?" ಎಂದಳು. ಮಿಸ್ ಶಮೀಮಳನ್ನು ನೋಡಿದ ನೋಟಕ್ಕೆ ನನಗೆ ಹೊಟ್ಟೆಕಿಚ್ಚಾಯಿತು. ಗಂಟೆ ಹೊಡೆಯಿತು. ಕಂಬಳಿ ಬಿಚ್ಚಿದೆವು. ಟೀವಿ ಸೀರೆ ಹೊದ್ದು ಆಟೋ ಹತ್ತಿತು. ಕೊನೆ ತೋರಿಸಿ ಮಿಸ್ ಎಂದು ಮಾರನೆಯ ದಿನದಿಂದ ಗೋಗರೆದೆವು. ಮೊದಲು ನಿಮ್ಮ ಜಗಳ ಮುಗಿಯಲಿ ಎನ್ನುತ್ತಿದ್ದರು. ಜಗಳ ಮುಗಿಯಲಿಲ್ಲ.

ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂತು, ಅದರಲ್ಲಿ ಈ ಕೋಟೆಯ ಮುತ್ತಿಗೆಯನ್ನು ವಿವರಿಸಿ ಎಂಬ ಪ್ರಶ್ನೆಯೂ ಬಂತು. ಪುಸ್ತಕದಲ್ಲಿ ಇದ್ದದ್ದು ರಾಣಿ ಶತ್ರುಗಳನ್ನು ಧೈರ್ಯದಿಂದ ಎದುರಿಸಿದಳು ಎಂಬ ಒಂದು ಸಾಲು. ಎದುರಿಸಿದಳು, ಸರಿ, ಆಮೇಲೆ? ನಾವು ಒಬ್ಬೊಬ್ಬರೂ ನಮಗೆ ಕಂಡ ಕೊನೆಯನ್ನು ಪುಟಗಟ್ಟಲೆ ಬರೆದೆವು. ನಮ್ಮ ದುರದೃಷ್ಟಕ್ಕೆ ಉತ್ತರಪತ್ರಿಕೆ ತಿದ್ದಿದ್ದು ಬೇರೆ ಸೆಕ್ಷನ್ನಿನ ಟೀಚರು. ವಿಷಯ ನೇರ ಹೆಡ್‌ಮಿಸ್ ಬಳಿಗೆ ಹೋಯಿತು. ಕ್ಲಾಸ್ ಲೀಡರ್ ಎಂದು ನನ್ನನ್ನೂ ಕರೆಸಿ ಮೂಲೆಯಲ್ಲಿ ನಿಲ್ಲಿಸಿದರು.

"ಒಂದೇ ಕ್ಲಾಸು, ಒಂದೇ ಕೋಟೆ," ಎಂದರು ಹೆಡ್‌ಮಿಸ್. "ಅರ್ಧ ಜನ ಬೀಳಿಸಿದಾರೆ, ಅರ್ಧ ಜನ ಉಳಿಸಿದಾರೆ. ಒಬ್ಬಳಂತೂ ಶತ್ರುಗಳಿಗೇ ಬುದ್ಧಿ ಹೇಳಿ ವಾಪಸ್ ಕಳಿಸಿದಾಳೆ. ಯಾವುದ್ರೀ ಸರಿ?"

"ನಾನೂ ಈ ಮಕ್ಕಳನ್ನ ಅದನ್ನೇ ಕೇಳ್ತಿರೋದು ಮೇಡಂ," ಎಂದರು ಮಿಸ್.

ಶತ್ರುಗಳಿಗೆ ಬುದ್ಧಿ ಹೇಳಿದವಳು ನಾನೇ. ಹೆಡ್‌ಮಿಸ್‌ಗೆ ಗೊತ್ತಾಗದಿರಲಿ ಎಂದು ಗೋಡೆಯ ಭೂಪಟ ನೋಡುತ್ತ ನಿಂತೆ. ಅಲ್ಲಿಗೆ ಸಿನಿಮಾ ಪಾಠ ಮುಗಿಯಿತು. ಮತ್ತೆ ಆಟೋ ಬರಲಿಲ್ಲ. ಮಿಸ್ ಪುಸ್ತಕ ಹಿಡಿದು ಪಾಠ ಮಾಡಿದರು, ನಾವು ಕಣ್ಣು ತೆರೆದುಕೊಂಡು ನಿದ್ದೆ ಮಾಡಿದೆವು. ಕೆಲವೊಮ್ಮೆ ಕ್ಲಾಸು ಮುಗಿಸಿ ಹೊರಡುವಾಗ ಮಿಸ್ ಬಾಗಿಲ ಹತ್ತಿರ ಅರೆಕ್ಷಣ ನಿಲ್ಲುತ್ತಿದ್ದರು. ನಾವೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆವು. ಅವರು ಏನೂ ಹೇಳದೆ ಹೋಗುತ್ತಿದ್ದರು.

ಆಮೇಲೆ ನಾನು ಓದಿದೆ, ಕೆಲಸಕ್ಕೆ ಸೇರಿದೆ, ಮದುವೆಯಾಗಿ ಇದೇ ಚಾಮರಾಜಪೇಟೆಯ ಎರಡು ಬೀದಿ ಆಚೆಗೆ ಬಂದೆ. ಒಂದು ಸಂಕ್ರಾಂತಿಯ ಸಂಜೆ ಗವಿಪುರದ ಗುಡಿಯಲ್ಲಿ ದೇವರ ಮೇಲೆ ಸೂರ್ಯಕಿರಣ ಬೀಳುವುದನ್ನು ನೋಡಲು ಹೋಗಿದ್ದೆ. ನೋಡಿದ್ದು ಮುಂದಿನವರ ತಲೆಗಳನ್ನು, ಅದು ಬೇರೆ ಮಾತು. ಬರುವಾಗ ಒಂದು ಮನೆಯ ಜಗಲಿಯಲ್ಲಿ ಆನಿಸಿಟ್ಟಿದ್ದ ಕೊಡೆ ಕಂಡು ಕಾಲು ನಿಂತಿತು. ಪಕ್ಕದ ಕುರ್ಚಿಯಲ್ಲಿ ವಿಶಾಲಾಕ್ಷಿ ಮಿಸ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಸರು ಹೇಳುವ ಮುಂಚೆಯೇ, "ಶತ್ರುಗಳಿಗೆ ಬುದ್ಧಿ ಹೇಳಿ ಕಳಿಸಿದೋಳಲ್ವೇನೇ ನೀನು?" ಎಂದರು. ಆ ಉತ್ತರಪತ್ರಿಕೆಗಳನ್ನೆಲ್ಲ ಆಮೇಲೆ ಕೂತು ಓದಿದ್ದರಂತೆ.

ಎಳ್ಳು ಬೆಲ್ಲ ಕೈಗೆ ಹಾಕಿದರು. ಬಾಯಲ್ಲಿ ಸಕ್ಕರೆ ಅಚ್ಚು ಇಟ್ಟುಕೊಂಡೇ ನಾನು ಇಷ್ಟು ವರ್ಷ ಕಾದಿಟ್ಟ ಪ್ರಶ್ನೆ ಕೇಳಿದೆ. "ಮಿಸ್, ಇವತ್ತಾದ್ರೂ ಹೇಳಿ. ರಾಣಿ ಬಾಗಿಲು ತೆಗೆದ್ಲಾ ಇಲ್ವಾ?"

"ನನಗೇನೇ ಗೊತ್ತು?" ಎಂದರು. "ನಾನೂ ಕೊನೆ ನೋಡಿಲ್ಲ."

ನಾನು ನಂಬಲಿಲ್ಲ. ಮಿಸ್ ನಗುತ್ತ ಹೇಳಿದರು. "ಹೊಸದಾಗಿ ಮದುವೆ ಆದಾಗ ನಾನು, ನಮ್ ನಾದಿನಿ ಮ್ಯಾಟಿನಿಗೆ ಹೋಗ್ತಿದ್ವಿ. ದೀಪ ಹಚ್ಚೋ ಹೊತ್ತಿಗೆ ಸೊಸೆ ಮನೇಲಿರ್ಬೇಕು ಅಂತ ನಮ್ಮತ್ತೆ. ದೀಪ ನಾನೇ ಹಚ್ಬೇಕು. ಬಸ್ಸು ಸಿಗ್ಬೇಕಲ್ಲ? ಹಾಗಾಗಿ ಪ್ರತಿ ಸಿನಿಮಾಲೂ ಕೊನೆಗೆ ಮುಂಚೇನೇ ಎದ್ದು ಓಡ್ಬರ್ತಿದ್ವಿ. ಈ ಸಿನಿಮಾ ನೋಡಿದಾಗ ರಾಣಿ ಅಗುಳಿ ಮೇಲೆ ಕೈ ಇಟ್ಲು, ನಾವು ಎದ್ವಿ. ಬಸ್ಸಲ್ಲಿ ಇಡೀ ದಾರಿ ನಾದಿನಿ ತೆಗೀತಾಳೆ ಅಂತ, ನಾನು ತೆಗಿಯಲ್ಲ ಅಂತ. ಗವಿಪುರದಲ್ಲಿ ಇಳಿಯೋ ಹೊತ್ತಿಗೆ ಎರಡು ಸಿನಿಮಾ ಆಗಿರೋದು."

"ಆದ್ರೆ ಟೇಪು ನಿಮ್ಮ ಕೈಲೇ ಇತ್ತಲ್ಲ ಮಿಸ್? ಆಗ ನೋಡ್ಬಹುದಿತ್ತು."

"ನೀವೆಲ್ಲ ಆ ಕೋಟೆ ಬಾಗಿಲ ಮುಂದೇನೇ ನಿಂತು ಜಗಳ ಆಡ್ತಿದ್ರಿ. ನಾನೊಬ್ಳೇ ನೋಡ್ಬಿಟ್ರೆ ಮಾರನೇ ದಿನ ನಿಮ್ ಜೊತೆ ಹೇಗೆ ಜಗಳ ಆಡ್ಲಿ?" ಆಮೇಲೆ ಬೀದಿಯ ಕಡೆ ತಿರುಗಿದರು. ಗುಡಿಯಿಂದ ಬರುವ ಜನ ಇನ್ನೂ ಹೋಗುತ್ತಿದ್ದರು. "ಈಗ ನೋಡ್ಬೇಕು ಅನ್ಸುತ್ತೆ ಕಣೆ. ಅತ್ತೆನೂ ಇಲ್ಲ, ನಾದಿನಿನೂ ಇಲ್ಲ. ದೀಪ ಹಚ್ಚೋದು ತಡ ಆದ್ರೆ ಕೇಳೋರಿಲ್ಲ. ಆ ಟೇಪು ಎಲ್ಲಾದ್ರೂ ಸಿಕ್ರೆ ತೊಗೊಂಡ್ಬಾ. ಒಟ್ಟಿಗೆ ಕೂತು ನೋಡೋಣ. ಕೊನೇವರೆಗೂ."

ನಾನು ಹುಡುಕಿದೆ. ವಿಡಿಯೋ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಹಳೆಯ ಟೇಪುಗಳನ್ನು ಮಾರುವವರು ನಗರ್ತಪೇಟೆಯಲ್ಲಿದ್ದಾರೆ ಎಂದು ಯಾರೋ ಹೇಳಿದರು, ಹೋದೆ, ಇರಲಿಲ್ಲ. ಇನ್ಯಾರೋ ಇನ್ನೆಲ್ಲೋ ಎಂದರು, ಅಲ್ಲಿಗೂ ಹೋದೆ. ಮುಂದಿನ ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಜಗಲಿಯಲ್ಲಿ ಕೊಡೆ ಇರಲಿಲ್ಲ. ಮಿಸ್ ಹೋಗಿ ಮೂರು ತಿಂಗಳಾಯಿತು ಎಂದು ಎದುರುಮನೆಯವರು ಹೇಳಿದರು. ನನಗೆ ಇಷ್ಟು ಕೊಟ್ಟವರು ನನ್ನನ್ನು ಕೇಳಿದ್ದು ಅದೊಂದೇ. ಕೊಡಲಾಗಲಿಲ್ಲ ಎಂಬ ಸಂಕಟ ಅಂದಿನಿಂದ ನನ್ನ ಜೊತೆಗೇ ಇದೆ. ಸಂಜೆ ದೀಪಕ್ಕೆ ಬತ್ತಿ ಹಾಕುವಾಗ ಎಷ್ಟೋ ಸಲ ಅವರು ನೆನಪಾಗುತ್ತಾರೆ.

ಇಷ್ಟನ್ನೂ ಅನು ಕಂಬಳಿಯ ಮೇಲೆ ಕೂತು ಕೇಳಿದಳು. ಕೇಳುತ್ತ ಕೇಳುತ್ತಲೇ ಅವಳ ಹೆಬ್ಬೆರಳು ಮೊಬೈಲಿನ ಮೇಲೆ ಆಡುತ್ತಿತ್ತು. ನನ್ನ ಕತೆ ಮುಗಿಯುವುದಕ್ಕೂ ಅವಳು ಫೋನನ್ನು ನನ್ನ ಮುಖದ ಮುಂದೆ ಹಿಡಿಯುವುದಕ್ಕೂ ಸರಿಹೋಯಿತು.

"ಇದೇನಾ ನೋಡಿ ದೊಡ್ಡಮ್ಮ. ಯಾರೋ ಪೂರ್ತಿ ಸಿನಿಮಾ ಹಾಕಿದಾರೆ."

ಅದೇ. ಅದೇ ಕೋಟೆ. ನಾನು ಬೀದಿ ಬೀದಿ ಹುಡುಕಿದ್ದು ಇವಳ ಅಂಗೈಯಲ್ಲಿತ್ತು. ಅಳು ಬಂತು. ಅನು ಗಾಬರಿಯಾಗಿ ನೀರು ತಂದುಕೊಟ್ಟಳು. ಆಮೇಲೆ ನಿಧಾನವಾಗಿ, ತನ್ನ ಕ್ಲಾಸಿನಲ್ಲೂ ಅಗುಳಿಯ ಹತ್ತಿರವೇ ನಿಲ್ಲಿಸಬಹುದಲ್ಲ ಎಂದು ತಾನೇ ಯೋಚಿಸಿ, ತಾನೇ ತಲೆಯಾಡಿಸಿದಳು. "ಆಗಲ್ಲ ದೊಡ್ಡಮ್ಮ. ನಾನು ನಿಲ್ಲಿಸಿದ್ರೆ ಸಂಜೆ ಮನೆಗೆ ಹೋಗಿ ಮೊಬೈಲಲ್ಲಿ ಕೊನೆ ನೋಡ್ಕೊಂಡ್ಬಿಡ್ತಾರೆ. ಜಗಳ ಆಡೋರು ಯಾರು?" ಹಳೆಯ ಕರ್ಟನ್ ಕೊಟ್ಟು ಕಳಿಸಿದೆ. ಕಂಬಳಿ ಇಟ್ಟುಕೊಂಡೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ, ಹಬ್ಬದ ತೋರಣಕ್ಕೆಂದು ಕಿಟಕಿಗೆ ಹೊಡೆದಿದ್ದ ಮೊಳೆಗಳಿಗೆ ಆ ಕಂಬಳಿಯ ಹಳೇ ತೂತುಗಳನ್ನೇ ಸಿಕ್ಕಿಸಿದೆ. ಕೋಣೆ ಕತ್ತಲಾಯಿತು. ಫೋನನ್ನು ನೀರಿನ ಚೊಂಬಿಗೆ ಆನಿಸಿಟ್ಟೆ. ರಾಜನ ರಟ್ಟೆಯ ಮೇಲಿನ ಕಲೆಗಾಗಿ ಯಾವುದೋ ಹುಚ್ಚಿನಲ್ಲಿ ಇದರಲ್ಲೂ ಹುಡುಕಿದೆ, ಅದು ಬೇರೆ ಸಿನಿಮಾ ಎಂಬುದು ಆಮೇಲೆ ನೆನಪಾಯಿತು. ಒಮ್ಮೆ ಸೀನಿದೆ. ನಡುನಡುವೆ ನಿಲ್ಲಿಸಿ ಕಾಫಿ ಮಾಡಿಕೊಂಡು ಬಂದೆ, ಬೇಗ ಮುಗಿಯುವುದು ನನಗೆ ಬೇಕಿರಲಿಲ್ಲ. ಕೊಳ ಬತ್ತಿತು, ಮಕ್ಕಳು ಅತ್ತವು, ರಾಣಿ ಬಂದಳು. ಅಗುಳಿಯ ಮೇಲೆ ಕೈ ಇಟ್ಟಳು. ನನ್ನನ್ನು ಕೇಳದೆಯೇ ಬೆರಳು ನಿಲ್ಲಿಸಿಬಿಟ್ಟಿತು. ಈ ಫೋನಿನಲ್ಲಿ ನಿಲ್ಲಿಸಿದರೆ ಕೈ ನಡುಗುವುದೇ ಇಲ್ಲ.

ಅಷ್ಟು ಹೊತ್ತಿಗೆ ನಮ್ಮನೆಯವರು ಬಾಗಿಲಲ್ಲಿ ಬಂದು ನಿಂತರು. "ದೀಪ ಹಚ್ಚೋ ಹೊತ್ತಾಯ್ತಲ್ಲೇ. ಕತ್ಲಲ್ಲಿ ಏನ್ ಮಾಡ್ತಿದೀಯಾ? ನಾನೇ ಹಚ್ಲಾ?"

"ಬೇಡಿ," ಎಂದೆ. "ಇವತ್ತು ದೀಪ ಸ್ವಲ್ಪ ಕಾಯ್ಲಿ. ನಾನು ಕೊನೇವರೆಗೂ ಕೂತಿರ್ತೀನಿ."

ಅವರು ಒಳಗೆ ಹೋದರು. ನಾನು ಮತ್ತೆ ಶುರುಮಾಡಿದೆ.

ರಾಣಿ ಅಗುಳಿ ಹಿಡಿದುಕೊಂಡೇ ಇದ್ದಾಳೆ, ದೂರದಲ್ಲಿ ಧೂಳೆದ್ದಿತು. ಕುದುರೆಗಳು. ಇಡೀ ಸಿನಿಮಾದಲ್ಲಿ ಒಂದು ಸಲವೂ ಸುದ್ದಿಯಿಲ್ಲದ ಒಬ್ಬ ಅಣ್ಣ ಎಲ್ಲಿಂದಲೋ ಸೈನ್ಯ ಸಮೇತ ಬಂದು ಶತ್ರುಗಳನ್ನು ಓಡಿಸಿದ. ಆಕಾಶದಿಂದ ಹೂವು ಬಿತ್ತು. ಎಲ್ಲರೂ ಸೇರಿ ಹಾಡಿದರು. ಶುಭಂ.

ತೆರೆಯಲೂ ಇಲ್ಲ, ತೆರೆಯದೆ ಇರಲೂ ಇಲ್ಲ! ರಾಣಿ ಏನು ಮಾಡುತ್ತಿದ್ದಳು ಎಂದು ಸಿನಿಮಾದವರಿಗೂ ಗೊತ್ತಿರಲಿಲ್ಲ. ನಮ್ಮ ಉತ್ತರಪತ್ರಿಕೆಗಳು ಇದಕ್ಕಿಂತ ಎಷ್ಟೋ ವಾಸಿ, ನನ್ನದನ್ನೂ ಸೇರಿಸಿ. ಇದಕ್ಕಾಗಿ ಕಾಯದೆ ಬಸ್ಸಿಗೆ ಓಡಿದ್ದೇ ಒಳ್ಳೆಯದಾಯಿತು ಮಿಸ್ ಎಂದು ಜೋರಾಗಿಯೇ ಹೇಳಿದೆ. ಅವರಿದ್ದಿದ್ದರೆ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ನಗು ಒಂದು ಸಲ ಕೇಳಬೇಕು ಎನ್ನಿಸಿತು.

ನಿಯಮ ಎಂದರೆ ನಿಯಮ. ಕಂಬಳಿ ಕಟ್ಟಿದ ಕತ್ತಲೆಯಲ್ಲಿ ಕೂತು ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ಯಾಕೆ ಸುಳ್ಳು, ಹೇಳು ಎಂದು ಯಾರಾದರೂ ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ ಎದ್ದು ಹೋಗಿ ದೀಪ ಹಚ್ಚಿದೆ.